ಸೌತ್ ಎಂಡ್ ಆಚೆಯ ಹಳ್ಳಿಗಳು: ಯುದ್ಧದ ವರ್ಷಗಳು

ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಬೆಂಗಳೂರು ದಕ್ಷಿಣಕ್ಕೆ ಬಸವನಗುಡಿ, ಲಾಲ್‌ಬಾಗುಗಳ ಹತ್ತಿರ ಮುಗಿದುಹೋಗುತ್ತಿತ್ತು. ಸೌತ್ ಎಂಡ್ ಸರ್ಕಲ್ ಎಂಬ ಹೆಸರು ಆ ಕಾಲದ ಗುರುತು. ಅದರಾಚೆ ಸಿದ್ದಾಪುರ, ಕನಕನಪಾಳ್ಯ, ಭೈರಸಂದ್ರ, ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಕದಿರೇನಹಳ್ಳಿ, ತಾವರೆಕೆರೆ, ಮಡಿವಾಳ ಬಿಡಿಬಿಡಿ ಹಳ್ಳಿಗಳಾಗಿದ್ದವು. ಊರಿಗೊಂದು ಕೆರೆ, ಏರಿಯ ಕೆಳಗೆ ಗದ್ದೆ ತೋಟ, ದಿಬ್ಬದ ಮೇಲೆ ರಾಗಿ ಹೊಲ.

ಯುದ್ಧ ಇಲ್ಲಿಗೆ ಬಂದದ್ದು ಬಾಂಬಿನ ರೂಪದಲ್ಲಲ್ಲ, ಬೇಡಿಕೆಯ ರೂಪದಲ್ಲಿ. ಬ್ರಿಟಿಷರ ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಸೈನಿಕರು ಹೆಚ್ಚಿದಂತೆ ಸೊಪ್ಪು ತರಕಾರಿಗೆ ಗಿರಾಕಿ ಹೆಚ್ಚಿತು. ಲಾಲ್‌ಬಾಗಿನ ಸುತ್ತ ತೋಟಗಾರಿಕೆಯನ್ನೇ ಕುಲಕಸುಬು ಮಾಡಿಕೊಂಡಿದ್ದ ತಿಗಳರ ಬೆಳೆ ಅದು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿನ ಅಕ್ಕಿ ನಿಂತಿತು. ಪೇಟೆಯವರು ರೇಷನ್ ಚೀಟಿ ಹಿಡಿದರು, ರೈತರು ಸರ್ಕಾರಕ್ಕೆ ಲೆವಿ ಧಾನ್ಯ ಅಳೆದರು. ರಾಗಿ ಬೆಳೆಯುವವನ ಮನೆಯಲ್ಲಿ ಹಿಟ್ಟಿಗೆ ಕೊರತೆಯಿಲ್ಲ ಎಂದು ಪೇಟೆಯವರಿಗೆ ಅನ್ನಿಸಬಹುದು. ಅಳೆದುಕೊಟ್ಟು ಉಳಿದದ್ದೆಷ್ಟು ಎನ್ನುವುದು ಆ ಮನೆಗೇ ಗೊತ್ತು. ಪೆಟ್ರೋಲಿಗೂ ರೇಷನ್ ಬಂದು, ಇದ್ದಿಲಿನ ಗ್ಯಾಸಿನಿಂದ ಬಸ್ಸು ಓಡಿಸುವ ಕಾಲ ಬಂತು.

ಸಾರಕ್ಕಿ, ಜರಗನಹಳ್ಳಿಗಳ ಮೇಲೆ ಹಾದುಹೋಗುವ ಕನಕಪುರ ರಸ್ತೆ ರೇಷ್ಮೆ ಸೀಮೆಯ ದಾರಿ. ಜಪಾನಿನ ರೇಷ್ಮೆ ಬರುವುದು ನಿಂತಾಗ ಪ್ಯಾರಾಚೂಟಿನ ಬಟ್ಟೆಗೂ ಮೈಸೂರು ರೇಷ್ಮೆ ಬೇಕಾಯಿತು. ರೇಷ್ಮೆಗೂಡಿನ ವ್ಯಾಪಾರದಲ್ಲಿ, ನೂಲು ಬಿಚ್ಚಾಣಿಕೆಯಲ್ಲಿ ಮುಸ್ಲಿಂ ಕುಟುಂಬಗಳ ಪಾಲು ದೊಡ್ಡದು. ಯುದ್ಧ ಮುಗಿದು ಆ ಬೇಡಿಕೆ ಇಳಿದಾಗ ಪೆಟ್ಟು ಬಿದ್ದದ್ದೂ ಇದೇ ಕಸುಬಿನವರಿಗೆ.

ನಗರದ ಈ ದಕ್ಷಿಣದ ಅಂಚಿನಲ್ಲಿ ಇಬ್ಬರು ಜರ್ಮನರ ಕೆಲಸ ಇಂದಿಗೂ ಕಾಣುತ್ತದೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಿ. ಎಚ್. ಕ್ರುಂಬಿಗಲ್ 1932ರಲ್ಲಿ ನಿವೃತ್ತರಾದ ಮೇಲೂ ಬೆಂಗಳೂರು ಬಿಡಲಿಲ್ಲ. ಯುದ್ಧ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಮೈಸೂರು ಅರಮನೆಗೆ ಬೇಕಾದವರಾಗಿದ್ದರೂ ಬ್ರಿಟಿಷರ ಲೆಕ್ಕದಲ್ಲಿ ಅವರು ಶತ್ರು ದೇಶದ ಪ್ರಜೆ; ಉಳಿದ ಜರ್ಮನರಂತೆ ಅವರೂ ಬಂಧನಕ್ಕೊಳಗಾದರು. ಇನ್ನೊಬ್ಬರು ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್, 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಆಳ್ವಿಕೆ ಅವರ ಸರ್ಕಾರಿ ನೌಕರಿ ಕಿತ್ತುಕೊಂಡಿತ್ತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸಂಸ್ಥಾನ 1939ರಲ್ಲಿ ಅವರಿಗೆ ನೌಕರಿ ಕೊಟ್ಟಿತು. ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ವಿನ್ಯಾಸ. ಹುಟ್ಟಿದ ದೇಶಕ್ಕೆ ಬೇಡವಾದವರಿಗೆ ಇಲ್ಲಿ ಕೆಲಸ, ಇಲ್ಲಿನವರೇ ಆಗಿಹೋಗಿದ್ದವರಿಗೆ ಸೆರೆ. ಒಬ್ಬ ವ್ಯಕ್ತಿಯ ನಡತೆಗಿಂತ ಅವನ ಕಾಗದಪತ್ರ ದೊಡ್ಡದಾಗುವುದು ಯುದ್ಧಕಾಲದ ಕಾನೂನಿನ ಗುಣ.

ಹಳ್ಳಿಗಳ ರೂಪ ಬದಲಿಸಿದ್ದು ಮಾತ್ರ ಕಾರ್ಖಾನೆಗಳು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬಂಡವಾಳವನ್ನೂ ಸೇರಿಸಿಕೊಂಡು ನಗರದ ಪೂರ್ವಕ್ಕೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ಮುಂದೆ ಅಮೆರಿಕದ ಸೇನಾ ವಿಮಾನಗಳ ದುರಸ್ತಿಯೂ ಅಲ್ಲೇ ನಡೆಯಿತು. ಕೆಲಸ ಹುಡುಕಿ ಜನ ಬಂದರು, ಮನೆಗಳು ಸಾಲದಾದವು. 1941ರಲ್ಲಿ ನಗರ, ದಂಡು ಎರಡೂ ಸೇರಿ ಸುಮಾರು 4.07 ಲಕ್ಷವಿದ್ದ ಜನಸಂಖ್ಯೆ 1951ಕ್ಕೆ 7.79 ಲಕ್ಷ ಮುಟ್ಟಿತು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿಗೆ ಲಾಲ್‌ಬಾಗಿನ ದಕ್ಷಿಣದ ಹೊಲಗದ್ದೆಗಳೇ ಕಣ್ಣಿಗೆ ಬಿದ್ದವು. ಮಹಾರಾಜ ಜಯಚಾಮರಾಜ ಒಡೆಯರ ಹೆಸರಿನ ಜಯನಗರಕ್ಕೆ 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದರು. ಅಶೋಕ ಸ್ತಂಭ ಅದರ ನೆನಪು.

ಅದೇ ವರ್ಷ ಕೋನಿಗ್ಸ್‌ಬರ್ಗರ್ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯ ನಿರಾಶ್ರಿತರಿಗೆ ಮನೆ ಒದಗಿಸಲು ದೆಹಲಿಗೆ ಹೋದರು. ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ. ಹಳ್ಳಿಗಳ ಹೊಲ ಸೈಟುಗಳಾದವು. ಸಿದ್ದಾಪುರ, ಕನಕನಪಾಳ್ಯಗಳು ಬಡಾವಣೆಯ ನೆಟ್ಟಗಿನ ರಸ್ತೆಗಳ ನಡುವೆ ತಮ್ಮ ಹೆಸರನ್ನಾದರೂ ಉಳಿಸಿಕೊಂಡವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಮೂರರ ಹೆಸರೂ ಸೇರಿ ಬಿಟಿಎಂ ಲೇಔಟ್ ಎಂಬ ಹೆಸರಾಯಿತು.