ಪುಲಕೇಶಿ ಗೆದ್ದ ಅಂತ ಹೇಳಿದವರ್ಯಾರು? (ಭಾಗ 4)

ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಅಂತ ಸ್ಕೂಲಲ್ಲಿ ಓದಿದ್ವಲ್ಲ, ಅದಕ್ಕೆ ದೊಡ್ಡ ಸಾಕ್ಷಿ ಐಹೊಳೆಯ ಮೇಗುಟಿ ಬಸದಿ ಗೋಡೆಯಲ್ಲಿರುವ 634ರ ಶಾಸನ. ಬರೆದವನು ರವಿಕೀರ್ತಿ, ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ನಮ್ಮ ಬಿಕಾಂ ಭಾಷೆಲಿ ಹೇಳೋದಾದ್ರೆ, ಕಂಪನಿಯವರೇ ಬರೆದುಕೊಂಡ ಲೆಕ್ಕ. ವೋಚರ್ ಎಲ್ಲಿ?

ಹರ್ಷನ ಕವಿ ಬಾಣನ ಕೃತಿಯಲ್ಲಿ ಈ ಸೋಲಿನ ಸುದ್ದಿಯೇ ಇಲ್ಲ. ಆದರೆ ಅದರ ಕಥೆ ಹರ್ಷನ ಆಳ್ವಿಕೆಯ ಶುರುವಿನಲ್ಲೇ ನಿಂತುಬಿಡುತ್ತೆ, ಹಾಗಾಗಿ ಆ ಮೌನದಿಂದ ಏನೂ ಸಾಬೀತಾಗಲ್ಲ. ಕೆಲಸಕ್ಕೆ ಬರೋದು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್. ಹರ್ಷನಿಂದ ಬೇಕಾದಷ್ಟು ಮರ್ಯಾದೆ ಪಡೆದವನು, ಆದ್ರೂ ಪುಲಕೇಶಿಯ ನಾಡನ್ನು ಹರ್ಷನಿಗೆ ಗೆಲ್ಲೋಕಾಗಲಿಲ್ಲ ಅಂತ ಬರೆದಿದ್ದಾನೆ. ಇತಿಹಾಸಕಾರರು ಇಂಥ ಸಾಕ್ಷಿಗೇ ಜಾಸ್ತಿ ತೂಕ ಕೊಡೋದು.

ಇಸವಿ ಮಾತ್ರ ಬಗೆಹರಿದಿರಲಿಲ್ಲ. 630ರ ಆಸುಪಾಸು ಅಂತ ಹಲವರು ಹೇಳ್ತಿದ್ರು. ಆಮೇಲೆ ಓದಿದ 619ರ ತಾಮ್ರಪಟವೊಂದರಲ್ಲೇ ಈ ಗೆಲುವಿನ ಮಾತಿದೆ!