ಪಟಾಕಿಯ ಸದ್ದು: ಎಳೆಯ ಕಿವಿಗಳ ರಕ್ಷಣೆ ಹೇಗೆ?

ದೀಪಾವಳಿ ಸಮೀಪಿಸಿದಂತೆ ಮಕ್ಕಳ ಕಣ್ಣು, ಕೈಗಳ ಬಗ್ಗೆ ಪೋಷಕರು ಎಚ್ಚರ ವಹಿಸುತ್ತಾರೆ. ಕಿವಿಗಳ ಬಗ್ಗೆ ಯೋಚಿಸುವವರು ವಿರಳ. ಸುಟ್ಟ ಗಾಯ ಕಾಣುತ್ತದೆ, ಒಳಗಿವಿಯ ಗಾಯ ಕಾಣುವುದಿಲ್ಲ. ಸರ್ಕಾರಿ ನಿಯಮಕ್ಕೆ ಒಳಪಟ್ಟ ಪಟಾಕಿಯ ಸದ್ದು ಸಹ ಮಗುವಿನ ಕಿವಿಗೆ ಸುರಕ್ಷಿತವೆಂದು ಭಾವಿಸುವಂತಿಲ್ಲ.

ಕಿವಿಗೆ ಆಗುವುದೇನು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪನ್ನು ಹೋಲುವ ಕಾಕ್ಲಿಯಾ ಎಂಬ ಭಾಗವಿದೆ. ಅಲ್ಲಿನ ಸುಮಾರು 15 ಸಾವಿರ ರೋಮಕೋಶಗಳು ಶಬ್ದದ ಕಂಪನವನ್ನು ಸಂಕೇತವಾಗಿ ಮಾರ್ಪಡಿಸಿ ಮಿದುಳಿಗೆ ಕಳುಹಿಸುತ್ತವೆ. ಅತಿಯಾದ ಸದ್ದಿನಿಂದ ನಾಶವಾದ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಮೊದಲು ಕುಂದುವುದು ಕೀಚಲು ಧ್ವನಿಗಳನ್ನು ಗ್ರಹಿಸುವ ಶಕ್ತಿ. ಆಗ 'ಸ', 'ಶ' ಮುಂತಾದ ಅಕ್ಷರಗಳು ಅಸ್ಪಷ್ಟವಾಗುತ್ತವೆ. ಮಾತು ಕಲಿಯುತ್ತಿರುವ ಮಗುವಿಗೆ ಇದು ದೊಡ್ಡ ನಷ್ಟ.

ಮಿತಿ ಎಷ್ಟು?

1999ರ ನಿಯಮದ ಪ್ರಕಾರ ಪಟಾಕಿಯ ಸದ್ದು ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ ಗರಿಷ್ಠ 145 ಡೆಸಿಬಲ್ ಶಿಖರ ಮಟ್ಟವನ್ನು ಮೀರುವಂತಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ನೀಡಿದ ಮಾರ್ಗಸೂಚಿಯಲ್ಲಿ ಇಂತಹ ಸಿಡಿತದ ಸದ್ದಿಗೆ ವಯಸ್ಕರ ಮಿತಿ 140, ಮಕ್ಕಳ ಮಿತಿ 120 ಡೆಸಿಬಲ್. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಈ ಲೆಕ್ಕದಲ್ಲಿ 145 ಡೆಸಿಬಲ್ ಸದ್ದು 120ಕ್ಕೆ ಇಳಿಯಲು ಸುಮಾರು 70 ಮೀಟರ್ ಅಂತರ ಬೇಕು. ಎರಡೂ ಬದಿ ಗೋಡೆಗಳಿರುವ ಓಣಿಯಲ್ಲಿ ಸದ್ದು ಪ್ರತಿಫಲಿಸುವುದರಿಂದ ಅಷ್ಟು ಅಂತರವೂ ಸಾಲದಾಗಬಹುದು.

ಸುಪ್ರೀಂ ಕೋರ್ಟ್ 2018ರಲ್ಲಿ 'ಹಸಿರು ಪಟಾಕಿ'ಗಳಿಗೆ ಒತ್ತು ನೀಡಿತು. ಇವು ಹೊಗೆಯನ್ನು ತಗ್ಗಿಸುತ್ತವೆಯೇ ಹೊರತು ಸಿಡಿತದ ಸದ್ದನ್ನು ಇಲ್ಲವಾಗಿಸುವುದಿಲ್ಲ.

ಮುನ್ನೆಚ್ಚರಿಕೆಗಳು

* ಕೈಗೂಸುಗಳನ್ನು ಪಟಾಕಿ ಹಚ್ಚುವ ಸ್ಥಳಕ್ಕೆ ಒಯ್ಯಬಾರದು. ಕಿಟಕಿ, ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ ಇರಿಸುವುದು ಉತ್ತಮ.
* ಕಿವಿಗೆ ಹತ್ತಿ ಇಡುವುದರಿಂದ ದೊರೆಯುವ ರಕ್ಷಣೆ ಅತ್ಯಲ್ಪ. ಮಗುವಿನ ತಲೆಯ ಅಳತೆಗೆ ಹೊಂದುವ, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಬಳಸಬೇಕು.
* ಕಿವಿಯೊಳಗೆ ತೂರಿಸುವ ಸ್ಪಂಜಿನ ಬಿರಡೆಗಳು ಪುಟ್ಟ ಮಕ್ಕಳಿಗೆ ಸಲ್ಲವು. ಅವನ್ನು ನುಂಗುವ ಅಪಾಯವಿದೆ.
* ಸುರುಸುರುಬತ್ತಿ, ಹೂಕುಂಡಗಳಂತಹ ಸಿಡಿಯದ ಬಗೆಗಳನ್ನೇ ಆರಿಸಿಕೊಳ್ಳಬಹುದು. ಸುಟ್ಟಗಾಯದ ಬಗೆಗಿನ ಎಚ್ಚರ ಇಲ್ಲಿಯೂ ಅಗತ್ಯ.
* ಮೆರವಣಿಗೆ, ಜಾತ್ರೆಗಳಲ್ಲಿ ಮಗುವನ್ನು ಧ್ವನಿವರ್ಧಕದ ಪಕ್ಕದಲ್ಲಿ ನಿಲ್ಲಿಸಬಾರದು.

ವೈದ್ಯರನ್ನು ಕಾಣುವುದು ಯಾವಾಗ?

ಕಿವಿನೋವು, ಕಿವಿಯಲ್ಲಿ ಮೊರೆತ, ಕರೆದರೂ ತಿರುಗಿ ನೋಡದಿರುವುದು, ಹೇಳಿದ್ದನ್ನು ಮತ್ತೆ ಮತ್ತೆ ಕೇಳುವುದು ಕಂಡುಬಂದರೆ ತಡಮಾಡದೆ ಕಿವಿ, ಮೂಗು, ಗಂಟಲು ತಜ್ಞರ ಬಳಿ ತೋರಿಸಬೇಕು. ಕಿವಿಗೆ ಎಣ್ಣೆ ಹಾಕಬಾರದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆಯ ಸೌಲಭ್ಯವಿದೆ. ಹಸುಗೂಸುಗಳ ಶ್ರವಣಶಕ್ತಿಯನ್ನೂ ಯಂತ್ರದ ನೆರವಿನಿಂದ ಪರೀಕ್ಷಿಸಬಹುದು. ಮಗು ಮಾತನಾಡುವವರೆಗೆ ಕಾಯಬೇಕಾಗಿಲ್ಲ.