ಪರವೂರಿನ ಐವತ್ತು ಮತಗಟ್ಟೆಗಳು

ಅಧ್ಯಾಪಕನಾಗಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆಯ ಕರ್ತವ್ಯ ಮಾಡಿದವನು ನಾನು. ನಮ್ಮ ಶಾಲೆಗೆ ಮತಯಂತ್ರ ಬಂದ ಮೊದಲ ಸಲ, ಗುಂಡಿ ಒತ್ತಿ ಹೊರಬಂದ ನೆರೆಮನೆಯ ಅಜ್ಜಿ ಕೇಳಿದ್ದರು: “ಮಾಷ್ಟ್ರೇ, ಅದು ಕೂಗಿದ್ದೇನೋ ಕೇಳಿತು. ವೋಟು ಬಿದ್ದದ್ದು ಎಲ್ಲಿಗೆ?” ಸರಿಯಾದಲ್ಲಿಗೇ ಬಿದ್ದಿದೆ ಎಂದೆ. ಅದು ನನ್ನ ನಂಬಿಕೆ. ತೋರಿಸಿಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಮತಪತ್ರದ ಕಾಲದಲ್ಲಾದರೆ ಮುದ್ರೆ ಎರಡು ಚಿಹ್ನೆಗಳ ನಡುವೆ ಬಿದ್ದಿದ್ದರೂ ಏಜಂಟರೆಲ್ಲ ಬಗ್ಗಿ ನೋಡಿ ಜಗಳವಾಡಬಹುದಿತ್ತು.

ಮತಯಂತ್ರವನ್ನು ವಿರೋಧಿಸಿದವರೆಂದರೆ ಸೋತವರು ಎಂಬ ಮಾತು ಈಗ ವಾಡಿಕೆಯಾಗಿದೆ. ಹಾಗೆನ್ನುವವರು ನಮ್ಮ ರಾಜ್ಯದ ಪರವೂರಿನ ಕಥೆಯನ್ನು ತಿಳಿಯಬೇಕು.

1982ರ ಮೇ ತಿಂಗಳ ವಿಧಾನಸಭಾ ಚುನಾವಣೆ. ಎರ್ನಾಕುಳಂ ಜಿಲ್ಲೆಯ ಪರವೂರು ಕ್ಷೇತ್ರದ 84 ಮತಗಟ್ಟೆಗಳ ಪೈಕಿ 50ರಲ್ಲಿ ಯಂತ್ರವಿಡಲು ಚುನಾವಣಾ ಆಯೋಗ ನಿರ್ಧರಿಸಿತು. ದೇಶದಲ್ಲೇ ಅದು ಮೊದಲ ಪ್ರಯೋಗ. ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿರಲಿಲ್ಲ, ಕಾನೂನಿನಲ್ಲಿ ಯಂತ್ರದ ಹೆಸರೇ ಇರಲಿಲ್ಲ. ಸಂವಿಧಾನದ 324ನೇ ವಿಧಿ ತನಗೆ ಆ ಅಧಿಕಾರ ಕೊಡುತ್ತದೆಂಬುದು ಆಯೋಗದ ವಾದ. ಇದನ್ನು ಪ್ರಶ್ನಿಸಿ ಮತದಾನಕ್ಕೆ ಮೊದಲೇ ಹೈಕೋರ್ಟಿಗೆ ಹೋದವರು ಸಿ.ಪಿ.ಐ. ಅಭ್ಯರ್ಥಿ ಶಿವನ್ ಪಿಳ್ಳೆ. ಅರ್ಜಿ ವಜಾ ಆಯಿತು.

ಎದುರಾಳಿ ಕಾಂಗ್ರೆಸ್ಸಿನ ಎ.ಸಿ. ಜೋಸ್. ಒಂದು ವೋಟಿನ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಆಗ ಕೇರಳದಲ್ಲಿರಲಿಲ್ಲ. ಅದೇ ವರ್ಷದ ಆರಂಭದಲ್ಲಿ ಸಭಾಧ್ಯಕ್ಷರಾಗಿ ತಮ್ಮ ನಿರ್ಣಾಯಕ ಮತದಿಂದ ಕರುಣಾಕರನ್ ಸರಕಾರವನ್ನು ಹಿಡಿದು ನಿಲ್ಲಿಸಿದ್ದವರು ಅವರೇ. ಎಣಿಕೆಯಾದಾಗ ಪಿಳ್ಳೆಯವರಿಗೆ 30,450, ಜೋಸ್‌ಗೆ 30,327. ಅಂತರ 123! ಪಿಳ್ಳೆಯವರ ಮತಗಳಲ್ಲಿ 19,182 ಬಂದದ್ದು ಅವರು ಬೇಡವೆಂದಿದ್ದ ಯಂತ್ರದಿಂದಲೇ. ಈಗ ಕೋರ್ಟಿಗೆ ಹೋಗುವ ಸರದಿ ಜೋಸ್‌ರದು, ಯಂತ್ರದ ಪರ ವಾದಿಸುವ ಪಾಡು ಪಿಳ್ಳೆಯವರದು. ಮನುಷ್ಯ ಸ್ವಭಾವ ಇಷ್ಟೆ ಎಂದು ನಕ್ಕುಬಿಡಬಹುದು. ಆದರೆ ಗೆಲ್ಲುವ ಮೊದಲು ಒಬ್ಬರು, ಸೋತ ಮೇಲೆ ಇನ್ನೊಬ್ಬರು ಎತ್ತಿದ ಆಕ್ಷೇಪ ಒಂದೇ ಆಗಿತ್ತೆಂಬುದನ್ನೂ ಗಮನಿಸಬೇಕು.

ಹೈಕೋರ್ಟಿನಲ್ಲಿ ಸೋತ ಜೋಸ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 1984ರ ಮಾರ್ಚ್ 5ರ ತೀರ್ಪು ಯಂತ್ರ ಕೆಟ್ಟದೆಂದು ಹೇಳಲಿಲ್ಲ. ಕಾನೂನು ಹೇಳುವುದು ಮತಪತ್ರವನ್ನು, ಅದನ್ನು ಬದಲಿಸುವ ಹಕ್ಕು ಶಾಸನ ಮಾಡುವವರದು, ಆಯೋಗದ್ದಲ್ಲ ಎಂದಿತು. ಆ 50 ಮತಗಟ್ಟೆಗಳಲ್ಲಿ ಮೇ ತಿಂಗಳಲ್ಲಿ ಕಾಗದದ ಮರುಮತದಾನ ನಡೆದು ಜೋಸ್ ಗೆದ್ದರು. 1988ರ ಡಿಸೆಂಬರಿನಲ್ಲಿ ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಗೆ 61ಎ ಎಂಬ ಕಲಮನ್ನು ಸೇರಿಸಿತು. ಯಂತ್ರ ಮೊದಲು ಬಂತು, ಕಾನೂನು ಆರು ವರ್ಷ ತಡವಾಗಿ ಬಂತು.

ಅಜ್ಜಿಯ ಪ್ರಶ್ನೆಗೆ ಮಾತ್ರ ಆ ಕಲಮಿನಲ್ಲೂ ಉತ್ತರವಿರಲಿಲ್ಲ. 2009ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ವಿಶೇಷ ತಿಳಿವಳಿಕೆಯಿಲ್ಲದ ಪ್ರಜೆಯೂ ಮತದಾನದ ಮುಖ್ಯ ಹಂತಗಳನ್ನು ಪರೀಕ್ಷಿಸುವಂತಿರಬೇಕೆಂದು ಹೇಳಿ, ಅಲ್ಲಿ ಬಳಸಿದ್ದ ಯಂತ್ರಗಳನ್ನು ತಳ್ಳಿಹಾಕಿತು. ನಮ್ಮ ಸುಪ್ರೀಂ ಕೋರ್ಟು 2013ರಲ್ಲಿ ಕಾಗದದ ಚೀಟಿ ಬೇಕೆಂದಿತು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಆ ಚೀಟಿ ಎಲ್ಲ ಮತಗಟ್ಟೆಗಳಿಗೂ ಬಂತು. ನಮಗಿದು ದೂರದ ಸುದ್ದಿಯಲ್ಲ. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿರ್ಧಾರವಾದದ್ದು ಬರೇ 89 ಮತಗಳಿಂದ.

ಪಂಚಾಯತು ಚುನಾವಣೆಯಲ್ಲಾದರೆ ಅಂತರ ಇನ್ನೂ ಕಿರಿದು. 2020ರಲ್ಲಿ ನಮ್ಮ ಶಾಲೆಯ ಮೇಜಿನ ಮೇಲೆ ಗ್ರಾಮ, ಬ್ಲಾಕ್, ಜಿಲ್ಲಾ ಪಂಚಾಯತುಗಳಿಗೆಂದು ಮೂರು ಮತಯಂತ್ರಗಳನ್ನು ಸಾಲಾಗಿ ಇಟ್ಟಿದ್ದರು. ಹೆಸರುಗಳು ಕನ್ನಡದಲ್ಲೂ ಇದ್ದುವು, ಸಂತೋಷ. ಅಜ್ಜಿ ತೀರಿಹೋಗಿ ವರ್ಷಗಳಾಗಿವೆ. ಸಾಲಿನಲ್ಲಿ ನನ್ನ ಹಿಂದಿದ್ದ ಅವರ ಮೊಮ್ಮಗಳು ಹೊರಬಂದು, “ಮಾಷ್ಟ್ರೇ, ಕಳೆದ ಸಲ ಚೀಟಿ ಕಂಡಿತ್ತಲ್ಲ, ಈ ಸಲ ಎಲ್ಲಿ?” ಎಂದಳು.

“ಪಂಚಾಯತಿಗೆ ಅದಿಲ್ಲ ಮಗಳೇ” ಎಂದೆ.